ಕಬ್ಬಾಲಾ ಓದಲು ಹೊರಟು ಕೈ ಸುಟ್ಟುಕೊಂಡೆ, ನೀವು ಹಾಗೆ ಮಾಡಬೇಡಿ

ಕಬ್ಬಾಲಾ ಅಂದರೆ ಯಹೂದಿಗಳ ಅನುಭಾವ ಪರಂಪರೆ. ಅದನ್ನು ಓದಲು ಹೋಗಿ ಸುರಿದ ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಒಂದು ಪುಸ್ತಕಕ್ಕೆ 899 ರೂಪಾಯಿ, ಹನ್ನೆರಡು ಆನ್‌ಲೈನ್ ತರಗತಿಗೆ 6,500, ನನಗೆ ಓದಲು ಬಾರದ ಲಿಪಿಯ ಐದು ಸಂಪುಟಕ್ಕೆ 11,000, ಒಂದು ಕೆಂಪು ದಾರಕ್ಕೆ 1,100. ಒಟ್ಟು 19,499. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನಿಗೆ ಇದು ಸಣ್ಣ ಮೊತ್ತವಲ್ಲ. ಮನೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಒಪ್ಪಿಸಿಲ್ಲ.

ಶುರುವಾದದ್ದು ಅಲ್ಲಮನಿಂದ. ಬಯಲು ಅಂದರೇನು ಎಂದು ಮಕ್ಕಳಿಗೆ ಹೇಳಲು ಒದ್ದಾಡುತ್ತಿದ್ದಾಗ, ಯಹೂದಿಗಳ ಅನುಭಾವದಲ್ಲೂ ದೇವರನ್ನು ‘ಎಯ್ನ್ ಸೋಫ್’, ಅಂದರೆ ಕೊನೆಯಿಲ್ಲದ್ದು, ಎಂದು ಕರೆಯುತ್ತಾರೆ ಅಂತ ಎಲ್ಲೋ ಓದಿದೆ. ತಲೆಯಲ್ಲಿ ಹುಳ ಹೊಕ್ಕಿತು. ಜೊತೆಗೆ ನನ್ನ ಅಕ್ಕ ಇಸ್ರೇಲಿನ ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ನಮ್ಮ ಕರಾವಳಿ ಕಡೆಯಿಂದ ಆ ಕೆಲಸಕ್ಕೆ ಹೋದವರು ಸುಮಾರು ಜನ ಇದ್ದಾರೆ. ಅವಳು ನೋಡಿಕೊಳ್ಳುವ ಅಜ್ಜ ಮೊರಾಕೊದಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಹಡಗಿನಲ್ಲಿ ಬಂದವರು. ಅಕ್ಕ ಅವರನ್ನು ಅಲ್ಲಿಯವರ ಹಾಗೆ ‘ಸಾಬಾ’ ಅನ್ನುತ್ತಾಳೆ, ಅಂದರೆ ಅಜ್ಜ. ಮೊದಲೇ ಸಾಬಾರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಮೇಷ್ಟ್ರಲ್ಲವೇ, ಪುಸ್ತಕ ಆರಿಸಲು ನನಗೆ ಇನ್ನೊಬ್ಬರು ಹೇಳಿಕೊಡಬೇಕೇ ಎಂಬ ಸೊಕ್ಕು.

ಆ 899ರ ಪುಸ್ತಕದ ರಕ್ಷಾಪುಟದಲ್ಲಿ ಚಿನ್ನದ ಬಣ್ಣದ ಮರ, ಅದರಲ್ಲಿ ಹತ್ತು ವೃತ್ತ. ಆ ಹತ್ತು ವೃತ್ತಗಳೇ ಸೆಫಿರೋತ್, ಎಯ್ನ್ ಸೋಫ್ ತನ್ನನ್ನು ತೋರಿಸಿಕೊಳ್ಳುವ ಹತ್ತು ಬಗೆ. ಇಷ್ಟು ಸರಿಯಾಗಿತ್ತು. ಮುಂದಿನ ಅಧ್ಯಾಯದಲ್ಲಿ ಹತ್ತು ಸೆಫಿರೋತ್ ಅಂದರೆ ನಮ್ಮ ಏಳು ಚಕ್ರಗಳೇ ಎಂದಿತ್ತು. ಹತ್ತನ್ನು ಏಳು ಮಾಡಿದ್ದು ಹೇಗೆ ಅಂದರೆ ಮೂರನ್ನು ‘ಗುಪ್ತ’ ಅಂತ ಬದಿಗೆ ತಳ್ಳಿ. ಅದರ ಮುಂದಿನದರಲ್ಲಿ ಭವಿಷ್ಯ ಹೇಳುವ ಟಾರೋ ಕಾರ್ಡು. ಆಮೇಲೆ ಹೆಸರಿನ ಅಕ್ಷರ ಕೂಡಿಸಿ ಮದುವೆ ಯಾವಾಗ ಎಂದು ನೋಡುವುದು. ಇನ್ನೂರ ಚಿಲ್ಲರೆ ಪುಟಗಳಲ್ಲಿ ತೋರಾ, ಅಂದರೆ ಯಹೂದಿಗಳ ಮೂಲಗ್ರಂಥವಾದ ಬೈಬಲ್ಲಿನ ಮೊದಲ ಐದು ಕಾಂಡ, ಎಂಬ ಪದ ಒಂದೇ ಒಂದು ಸಲ ಬಂದಿತ್ತು.

ನನಗೆ ಎಚ್ಚರಿಕೆಯ ಗಂಟೆ ಬಾರಿಸಬೇಕಾಗಿದ್ದದ್ದು ಅಲ್ಲೇ. ಕಬ್ಬಾಲಾದ ಮುಖ್ಯ ಗ್ರಂಥ ಜೋಹರ್ ಬಹುಮಟ್ಟಿಗೆ ತೋರಾಕ್ಕೆ ಬರೆದ ವ್ಯಾಖ್ಯಾನ. ಯಹೂದಿಗಳ ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ವಾರವಾರ ಓದುವ ಭಾಗಗಳ ಕ್ರಮದಲ್ಲೇ ಸಾಗುತ್ತದೆ. ಮೂಲವನ್ನು ಬಿಟ್ಟು ಟೀಕೆಯನ್ನು ಮಾತ್ರ ಓದಿದರೆ ಏನು ತಿಳಿಯುತ್ತದೆ? ಅದಕ್ಕೇ ಹೇಳುತ್ತೇನೆ: ಕಬ್ಬಾಲಾಕ್ಕೆ ನೀವು ಕೊಳ್ಳಬೇಕಾದ ಮೊದಲ ಪುಸ್ತಕ ಕಬ್ಬಾಲಾದ್ದೇ ಅಲ್ಲ. ನಮ್ಮ ಸತ್ಯವೇದದ ಆದಿಕಾಂಡ, ವಿಮೋಚನಕಾಂಡಗಳನ್ನು ಕನ್ನಡದಲ್ಲೇ ಒಮ್ಮೆ ಓದಿಕೊಳ್ಳಿ. ನಾನು ಸಹೋದ್ಯೋಗಿ ಮೇರಿ ಟೀಚರ್ ಹತ್ತಿರ ಕಡ ತಂದು ಓದಿದೆ, ಪೈಸೆ ಖರ್ಚಿಲ್ಲ.

ಇನ್ನೊಂದು ಕತೆ ‘ಎಖಾದ್’ ಎಂಬ ಪದದ್ದು. ಹೀಬ್ರೂನಲ್ಲಿ ಅಂಕಿಗಳಿಗೂ ಅಕ್ಷರಗಳನ್ನೇ ಬಳಸುವ ಪದ್ಧತಿಯಿದೆ. ನಮ್ಮ ಕಟಪಯಾದಿ ಇದ್ದ ಹಾಗೆ, ಪ್ರತಿ ಅಕ್ಷರಕ್ಕೂ ಒಂದು ಬೆಲೆ. ಇದನ್ನಿಟ್ಟುಕೊಂಡು ಪದಗಳ ನಡುವೆ ನಂಟು ಹುಡುಕುವುದು ಗೆಮಾತ್ರಿಯಾ. ‘ಎಖಾದ್’ ಅಂದರೆ ಒಂದು, ಆಲೆಫ್ 1, ಹೆತ್ 8, ದಾಲೆತ್ 4, ಕೂಡಿದರೆ 13. ‘ಅಹಾವಾ’ ಅಂದರೆ ಪ್ರೀತಿ, ಅದೂ 13. ಎರಡೂ ಸೇರಿದರೆ 26, ಅದು ದೇವರ ನಾಲ್ಕಕ್ಷರದ ಹೆಸರಿನ ಮೊತ್ತ: ಯೋದ್ 10, ಹೇ 5, ವಾವ್ 6, ಹೇ 5. ನಂಬುವುದು ಬಿಡುವುದು ಬೇರೆ ಮಾತು, ಸೊಗಸಾಗಿದೆಯಲ್ಲವೇ? ಪುಸ್ತಕದಲ್ಲೂ ಇದನ್ನು ಕೊಟ್ಟು, ‘ನೀವೇ ಕೂಡಿಸಿ ನೋಡಿ’ ಎಂದಿದ್ದರು. ಕೊನೆಯಲ್ಲಿದ್ದ ಅಕ್ಷರಗಳ ಪಟ್ಟಿ ಬಿಚ್ಚಿಟ್ಟು, ಅವರು ಅಚ್ಚು ಹಾಕಿದ್ದ ‘ಎಖಾದ್’ ಅನ್ನು ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ಕೂಡಿಸಿದೆ. 209 ಬಂತು. ಮತ್ತೆ ಕೂಡಿಸಿದೆ, 209. ಮೂರನೇ ಸಲಕ್ಕೂ ಅದೇ.

ಅಷ್ಟು ಹೊತ್ತಿಗೆ ತರಗತಿಗೆ ಸೇರಿಯಾಗಿತ್ತು. ಪುಸ್ತಕದ ಹಿಂಬದಿಯ ಚೌಕ ಸ್ಕ್ಯಾನ್ ಮಾಡಿದರೆ ನೇರ ವಾಟ್ಸಾಪ್ ಗುಂಪಿಗೆ ಹೋಗುತ್ತಿತ್ತು. ಪಾಠ ಮಾಡುವ ಮೇಡಂ ಅವರನ್ನು ಜೂಮ್‌ನಲ್ಲಿ ಕೇಳಿದೆ, 13 ಬರಬೇಕಾದಲ್ಲಿ 209 ಯಾಕೆ ಬರುತ್ತದೆ ಅಂತ. ಅವರು ತಡವರಿಸಲೇ ಇಲ್ಲ. ‘ಎರಡು, ಸೊನ್ನೆ, ಒಂಬತ್ತು ಕೂಡಿಸಿ. ಹನ್ನೊಂದು. ಅದು ಮಾಸ್ಟರ್ ನಂಬರ್ ಸರ್, ಎಲ್ಲರಿಗೂ ಕಾಣಿಸುವುದಿಲ್ಲ.’ ಗುಂಪಿನಲ್ಲಿ ನಲವತ್ತು ಜನ ಕೈ ಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ, ಸುಳ್ಳೇಕೆ ಹೇಳಲಿ.

ಆ ಭಾನುವಾರ ಅಕ್ಕ ವಿಡಿಯೋ ಕಾಲ್ ಮಾಡಿದಾಗ ಜಂಬದಿಂದ ಆ ಪುಟ ತೋರಿಸಿದೆ. ಅವಳು ಫೋನನ್ನು ಸಾಬಾರತ್ತ ತಿರುಗಿಸಿದಳು. ಕನ್ನಡಕ ಮೇಲೆತ್ತಿ, ಫೋನನ್ನು ಮೂಗಿನ ತನಕ ತಂದು ನೋಡಿದರು.

‘ಸಾಬಾ ನಗಾಡ್ತಿದ್ದಾರೆ ಮಾರಾಯ,’ ಅಂದಳು ಅಕ್ಕ. ‘ಅದು ದಾಲೆತ್ ಅಲ್ವಂತೆ, ರೇಶ್ ಅಂತೆ. ಎಂತ ಪುಸ್ತಕ ತಕೊಂಡಿದ್ದಿ ನೀನು?’

ದಾಲೆತ್‌ಗೂ ರೇಶ್‌ಗೂ ಇರುವುದು ಕೂದಲೆಳೆಯ ವ್ಯತ್ಯಾಸ. ದಾಲೆತ್‌ನ ಬಲ ಮೂಲೆ ಚೂಪಾಗಿ ಹೊರಗೆ ಚಾಚಿರುತ್ತದೆ, ರೇಶ್‌ನದು ಗುಂಡಗೆ ಬಾಗಿರುತ್ತದೆ. ಬೆಲೆಯಲ್ಲಿ ಮಾತ್ರ ಒಂದು 4, ಇನ್ನೊಂದು 200. ದಾಲೆತ್ ಹೋಗಿ ರೇಶ್ ಬಂದರೆ ‘ಎಖಾದ್’ ಹೋಗಿ ‘ಅಖೇರ್’ ಆಗುತ್ತದೆ. ‘ಒಬ್ಬನೇ’ ಎನ್ನುವ ದೇವರು ‘ಬೇರೊಬ್ಬ’ ಆಗಿಬಿಡುತ್ತಾನೆ. ಯಹೂದಿ ಪಂಡಿತರು ಸಾವಿರಕ್ಕೂ ಹೆಚ್ಚು ವರ್ಷದಿಂದ ಎಚ್ಚರಿಸುತ್ತಾ ಬಂದ ತಪ್ಪೇ ಇದು. ನಮ್ಮಲ್ಲಿ ಒಂದು ಚುಕ್ಕಿ ಬಿಟ್ಟುಹೋದರೆ ‘ಅರ್ಥ’ ಹೋಗಿ ‘ಅರ್ಧ’ ಆಗುವುದಿಲ್ಲವೇ, ಹಾಗೆ. ಇಪ್ಪತ್ತೆರಡು ವರ್ಷದಿಂದ ಥ-ಧ ತಿದ್ದಿದವನು ನಾನು. ನನಗೇ ಬೇಕಿತ್ತು.

ಸಾಬಾ ಅಷ್ಟಕ್ಕೇ ಬಿಡಲಿಲ್ಲ. ರಕ್ಷಾಪುಟ ತೋರಿಸು ಅಂದರು. ಚಿನ್ನದ ಮರದ ತುದಿಯಲ್ಲಿ ಆ ನಾಲ್ಕಕ್ಷರದ ಹೆಸರಿತ್ತು. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ. ಮುದ್ರಿಸಿದವರು ಎಡದಿಂದ ಬಲಕ್ಕೆ ಜೋಡಿಸಿದ್ದರು. ಹೆಸರು ತಿರುಗುಮುರುಗಾಗಿ ಕೂತಿತ್ತು. ಸಾಬಾ ಈ ಸಲ ನಗಲಿಲ್ಲ.

ಇಂಥ ಪುಸ್ತಕಗಳು ಎಲ್ಲಿಂದ ಬರುತ್ತವೆ ಎಂದು ಆಮೇಲೆ ಹುಡುಕಿದೆ. ಇಂಗ್ಲಿಷಿನಲ್ಲಿ ಈ ಪದವನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ, ಕನ್ನಡದಲ್ಲಿ ನಮಗೆ ಆ ಸುಳಿವು ಸಿಗುವುದಿಲ್ಲ. ‘ಕೆ’ಯಿಂದ ಬರೆದರೆ ಸಾಮಾನ್ಯವಾಗಿ ಯಹೂದಿ ಪರಂಪರೆ. ‘ಸಿ’ಯಿಂದ ಬರೆದರೆ ಪಿಕೊ ಡೆಲ್ಲಾ ಮಿರಾಂಡೊಲನಂಥ ಇಟಲಿಯ ಪಂಡಿತರು 1486ರ ಸುಮಾರಿಗೆ ಕ್ರೈಸ್ತ ಧರ್ಮಕ್ಕೆ ಹೊಂದಿಸಿಕೊಂಡದ್ದು. ‘ಕ್ಯೂ’ನಿಂದ ಬರೆದರೆ ಹೆಚ್ಚಾಗಿ ಯುರೋಪಿನ ಮಾಂತ್ರಿಕ ಸಂಘಗಳದ್ದು. ಟಾರೋದ 22 ಮುಖ್ಯ ಕಾರ್ಡುಗಳನ್ನು ಹೀಬ್ರೂನ 22 ಅಕ್ಷರಗಳಿಗೆ ಗಂಟು ಹಾಕಿ ಜನಪ್ರಿಯಗೊಳಿಸಿದವನು 19ನೇ ಶತಮಾನದ ಫ್ರೆಂಚ್ ಲೇಖಕ ಎಲಿಫಾಸ್ ಲೆವಿ. 1888ರಲ್ಲಿ ಲಂಡನ್ನಿನಲ್ಲಿ ಗೋಲ್ಡನ್ ಡಾನ್ ಎಂಬ ಮಾಂತ್ರಿಕ ಸಂಘ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಥರ್ಸ್, ಅದರ ಹಿಂದಿನ ವರ್ಷ ಜೋಹರ್‌ನ ಕೆಲವು ಭಾಗಗಳನ್ನು ಇಂಗ್ಲಿಷಿಗೆ ತಂದರು. ಆದರೆ ಮೂಲದಿಂದಲ್ಲ, 17ನೇ ಶತಮಾನದ ಜರ್ಮನ್ ವಿದ್ವಾಂಸನೊಬ್ಬ ಮಾಡಿದ ಲ್ಯಾಟಿನ್ ಅನುವಾದದಿಂದ. ಅಲ್ಲಮನನ್ನು ಲ್ಯಾಟಿನ್ನಿಗೆ ಮಾಡಿ, ಅಲ್ಲಿಂದ ಇಂಗ್ಲಿಷಿಗೆ ತಂದರೆ ಗುಹೇಶ್ವರ ಏನಾಗಿರುತ್ತಾನೆ ಊಹಿಸಿಕೊಳ್ಳಿ. ಅದರ ಕಾಪಿರೈಟ್ ಮುಗಿದು ಯಾವ ಕಾಲವಾಯಿತೋ. ಯಾರು ಬೇಕಾದರೂ ಹೊಸ ರಕ್ಷಾಪುಟ ಹಾಕಿ ಮಾರಬಹುದು, ಮಾರುತ್ತಾರೆ ಕೂಡ.

ಆ ಮಾಂತ್ರಿಕ ಪರಂಪರೆಯನ್ನೇ ಓದಬೇಕೆಂದರೆ ಓದಿ, ಅದಕ್ಕೂ ಅದರದೇ ಇತಿಹಾಸವಿದೆ. ನನ್ನ ತಕರಾರು, ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೈಗೆ ಕೊಡುವುದರ ಬಗ್ಗೆ.

ಐದು ಸಂಪುಟದ ಕತೆ ಚಿಕ್ಕದು, ಮರ್ಯಾದೆ ಹೋದದ್ದು ಮಾತ್ರ ದೊಡ್ಡದು. ಅವು ಹೀಬ್ರೂಗೆ ಹತ್ತಿರದ ಹಳೆಯ ಭಾಷೆಯಾದ ಅರಾಮಿಕ್‌ನಲ್ಲಿರುವ ಜೋಹರ್. ಓದಲು ಬಾರದಿದ್ದರೂ ಸಾಲುಗಳ ಮೇಲೆ ಕಣ್ಣಾಡಿಸಿದರೆ ಸಾಕು, ಮನೆಯಲ್ಲಿದ್ದರೆ ದೋಷ ಕಳೆಯುತ್ತದೆ ಎಂದು ಮೇಡಂ ಹೇಳಿದರು. ಸಾಬಾರಿಗೆ ಇದನ್ನು ಹೇಳಿದಾಗ ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮೊರಾಕೊದಲ್ಲಿ ಅವರ ಮನೆಯಲ್ಲೂ ಅರ್ಥ ಗೊತ್ತಿಲ್ಲದವರು ಭಕ್ತಿಯಿಂದ ಜೋಹರ್ ಪಾರಾಯಣ ಮಾಡುತ್ತಿದ್ದರಂತೆ. ‘ಆದರೆ ಅದಕ್ಕೆ ಯಾರೂ ಬಿಲ್ಲು ಹರೀತಿರಲಿಲ್ಲವಂತೆ’ ಅಂದಳು ಅಕ್ಕ. ಕೆಂಪು ದಾರದ ವಿಷಯ ಹೇಳಲೇ ಇಲ್ಲ ನಾನು. ಕೈಯಲ್ಲಿ ಮೊದಲೇ ದೇವಸ್ಥಾನದ ದಾರವೊಂದಿತ್ತು, ಅದರ ಪಕ್ಕ ಇದೂ ಕೂತಿದೆ.

ಗುಂಪಿನಿಂದ ನನ್ನನ್ನು ತೆಗೆದುಹಾಕಿದ್ದು ಜೋಹರ್ ಬರೆದವರು ಯಾರು ಎಂದು ಕೇಳಿದ್ದಕ್ಕೆ. ಪರಂಪರೆ ಅದನ್ನು 2ನೇ ಶತಮಾನದ ಶಿಮೋನ್ ಬಾರ್ ಯೊಖಾಯ್ ಎಂಬ ಗುರುವಿನದೆನ್ನುತ್ತದೆ. ಆದರೆ ಗ್ರಂಥ ಬೆಳಕಿಗೆ ಬಂದದ್ದು 13ನೇ ಶತಮಾನದ ಕೊನೆಗೆ, ಸ್ಪೇನಿನಲ್ಲಿ, ಮೋಶೆ ದೆ ಲಿಯೋನ್ ಎಂಬವನ ಮೂಲಕ. ಅವನು 1305ರಲ್ಲಿ ತೀರಿಕೊಂಡ. ಪ್ರಾಚೀನ ಮೂಲಪ್ರತಿಯನ್ನು ಹುಡುಕಿಕೊಂಡು ಬಂದ ಐಸಾಕ್ ಎಂಬ ಅಕ್ರೆ ಊರಿನ ಪಂಡಿತನಿಗೆ ಕೇಳಿಬಂದ ಸುದ್ದಿ ಇದು: ಅಂಥ ಪ್ರತಿಯೇ ಇರಲಿಲ್ಲ, ಗಂಡ ತನ್ನ ತಲೆಯಿಂದಲೇ ಬರೆದ ಎಂದು ಮೋಶೆಯ ವಿಧವೆ ಹೇಳಿದಳಂತೆ. ನಿನ್ನ ಹೆಸರೇ ಹಾಕಬಾರದೇ ಎಂದು ಅವಳು ಕೇಳಿದ್ದಕ್ಕೆ, ನನ್ನದೆಂದು ಗೊತ್ತಾದರೆ ಯಾರೂ ಕಾಸು ಕೊಡುವುದಿಲ್ಲ ಅಂದಿದ್ದನಂತೆ! ಈ ಸಾಕ್ಷ್ಯವನ್ನು ಎಷ್ಟು ನಂಬಬೇಕು ಎಂದು ವಿದ್ವಾಂಸರಲ್ಲಿ ಜಗಳವಿದೆ. ಗೆರ್ಶೋಮ್ ಶೋಲೆಮ್ ಮೋಶೆಯೇ ಕರ್ತೃ ಎಂದು ವಾದಿಸಿದರು, ಈಚಿನವರು ಒಬ್ಬನಲ್ಲ, ಒಂದು ಬಳಗವೇ ಬರೆದಿರಬೇಕು ಎನ್ನುತ್ತಾರೆ. ಯಾವುದೇ ಪರಿಚಯ ಪುಸ್ತಕ ಕೈಗೆ ಬಂದರೆ ನಾನೀಗ ಮೊದಲು ಹಿಂದಿನ ಪದಸೂಚಿ ತೆಗೆದು ಮೋಶೆ ದೆ ಲಿಯೋನ್ ಇದ್ದಾನೋ ಎಂದು ನೋಡುತ್ತೇನೆ. ಒಪ್ಪಲಿ, ಬಿಡಲಿ, ಅವನ ಸುದ್ದಿಯನ್ನೇ ಎತ್ತದ ಪುಸ್ತಕವನ್ನು ಅಲ್ಲೇ ಇಟ್ಟುಬಿಡುತ್ತೇನೆ. ಜೋಹರ್‌ನ ಮಾತು ಉದ್ಧರಿಸಿದಲ್ಲಿ ‘1:15ಎ’ ಎಂಬಂಥ ಪುಟಸಂಖ್ಯೆ ಇದೆಯೋ ಎಂದೂ ನೋಡಿ. ಸಂಪುಟ, ಹಾಳೆ, ಹಾಳೆಯ ಬದಿ ಎಂದು ಅದರರ್ಥ. ‘ಪ್ರಾಚೀನ ಕಬ್ಬಾಲಿಗರು ಹೇಳುವಂತೆ’ ಎಂದು ಮಾತ್ರ ಇದ್ದರೆ ಯಾರೂ ಏನೂ ಹೇಳಿಲ್ಲ ಎಂದೇ ತಿಳಿಯಿರಿ.

ಮೂರನೇ ಪೆಟ್ಟು ನಾನೇ ತಿಂದದ್ದು. ರೋಷದಿಂದ, ಇನ್ನು ದೊಡ್ಡವರದ್ದೇ ಓದುತ್ತೇನೆಂದು ಶೋಲೆಮ್‌ರ 1941ರ ದಪ್ಪ ಪುಸ್ತಕವನ್ನೇ ತಂದೆ. ಒಳ್ಳೆಯ ಪುಸ್ತಕ, ಆದರೆ ಅವು ತಿಳಿದವರ ಮುಂದೆ ಕೊಟ್ಟ ಉಪನ್ಯಾಸಗಳು. ಎರಡನೇ ಅಧ್ಯಾಯದಲ್ಲೇ ಮುಳುಗಿದೆ. ಈಗ ಕೇಳಿದವರಿಗೆ ಹೇಳುವುದು, ಆಕ್ಸ್‌ಫರ್ಡ್‌ನವರ ಅತಿ ಸಂಕ್ಷಿಪ್ತ ಪರಿಚಯ ಮಾಲೆಯಲ್ಲಿ ಯೋಸೆಫ್ ದಾನ್ ಬರೆದ ಪುಟ್ಟ ಪುಸ್ತಕದಿಂದ ಶುರು ಮಾಡಿ ಅಂತ. ಸ್ವಲ್ಪ ಒಣ, ಆದರೆ ಯಾವುದು ಯಾವ ಕಾಲದ್ದು ಎಂಬ ಗೊಂದಲ ಹೋಗುತ್ತದೆ. ಮೂಲದ ರುಚಿಗೆ ಡೇನಿಯಲ್ ಮ್ಯಾಟ್ ಆಯ್ದು ಅನುವಾದಿಸಿ 1995ರಲ್ಲಿ ತಂದ ಸಂಕಲನ. ಜೋಹರ್‌ಗೇ ಇಳಿಯುವ ಮುನ್ನ ಆರ್ಥರ್ ಗ್ರೀನ್‌ರ ಮಾರ್ಗದರ್ಶಿ. ಮ್ಯಾಟ್ ಮತ್ತು ಸಂಗಡಿಗರ ಹನ್ನೆರಡು ಸಂಪುಟದ ಪೂರ್ಣ ಅನುವಾದ ಬೆಲೆಯಲ್ಲಿ ನನ್ನಂಥವರ ಕೈಗೆಟುಕುವುದಲ್ಲ. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೇಳಿ ನೋಡಿ.

ನಲವತ್ತಾಗದೆ ಓದಬಾರದು ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ಅದು ಬರೀ ಕಟ್ಟುಕತೆಯಲ್ಲ. ಯಹೂದಿಗಳು ಎದುರು ನೋಡುವ ರಕ್ಷಕನಾದ ಮೆಸ್ಸಾಯ ತಾನೇ ಎಂದುಕೊಂಡ ಶಬ್ಬತಾಯ್ ತ್ಸ್ವಿ ಕಬ್ಬಾಲಾದ ಬಲದಿಂದಲೇ ಜನರನ್ನು ಹುಚ್ಚೆಬ್ಬಿಸಿ, 1666ರಲ್ಲಿ ಆಟೊಮನ್ ಸುಲ್ತಾನನೆದುರು ಮುಸ್ಲಿಮನಾದ. ಆ ಏಟಿನ ನೋವು ಆರಲೇ ಇಲ್ಲ. 1756ರಲ್ಲಿ ಪೂರ್ವ ಯುರೋಪಿನ ಬ್ರೋದಿ ಊರಿನಲ್ಲಿ ಸೇರಿದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಜೋಹರ್‌ಗೆ ಮೂವತ್ತು, ಸಫೆದ್‌ನ ಲೂರಿಯಾ ಎಂಬ 16ನೇ ಶತಮಾನದ ಕಬ್ಬಾಲಾ ಗುರುವಿನ ಬೋಧನೆಗೆ ನಲವತ್ತು ಎಂದು ವಯಸ್ಸಿನ ಮಿತಿ ಹಾಕಿದರು. ನನಗೆ ನಲವತ್ತಾರು. ವಯಸ್ಸೊಂದರಲ್ಲಿ ಪಾಸು.

ಮೊನ್ನೆ ಸಾಬಾರನ್ನು ಕೊನೆಯದಾಗಿ ಒಂದು ಕೇಳಿದೆ, ಈ ಪುಸ್ತಕಗಳನ್ನೆಲ್ಲ ಏನು ಮಾಡಲಿ ಅಂತ. ಅವರಲ್ಲಿ ದೇವರ ಹೆಸರಿರುವ ಹಳೆಯ ಹಾಳೆಯನ್ನು ಎಸೆಯುವುದಿಲ್ಲ; ಗೆನಿಜಾ ಎಂಬ ಕೋಣೆಯಲ್ಲಿಟ್ಟು ಕೊನೆಗೆ ಮಣ್ಣು ಮಾಡುತ್ತಾರೆ. ಐದು ಸಂಪುಟವನ್ನು ಜೋಪಾನವಾಗಿಡು, ಅಕ್ಕ ಊರಿಗೆ ಬಂದಾಗ ತಂದುಕೊಡಲಿ, ಇಲ್ಲಿ ಓದುವವರಿದ್ದಾರೆ ಅಂದರು. ಆ 899ರ ಪುಸ್ತಕದ ಬಗ್ಗೆ ತುಂಬ ಹೊತ್ತು ಯೋಚಿಸಿದರು. ತಿರುಗುಮುರುಗಾದ ಹೆಸರು ಹೆಸರೇ ಅಲ್ಲವಂತೆ. ಆದರೂ ಸುಡಬೇಡ ಎಂದರಂತೆ. ಹಿತ್ತಿಲಲ್ಲಿ ಸೊಪ್ಪು-ಬೂದಿ ಹಾಕಲು ತೆಂಗಿನ ಬುಡ ಬಿಡಿಸಿತ್ತು. ಅಲ್ಲೇ ಹೂತೆ.