ಹೊಸಕೋಟೆಯಿಂದ ದುಬೈಗೆ ಅವರೆಬೇಳೆ: ಒಂದು ವಿಮಾನ ಸಾಗಣೆ ಸೇವೆಯ ವಿಮರ್ಶೆ

ಹೊಸಕೋಟೆ ಬಳಿ ನಮ್ಮದೊಂದು ಸಣ್ಣ ಘಟಕವಿದೆ. ಮಾಗಡಿ ಮತ್ತು ಕೋಲಾರದ ಕಡೆಯಿಂದ ಬರುವ ಸೊಗಡಿನ ಅವರೆಕಾಯಿಯನ್ನು ಸುಲಿದು, ನೆನೆಸಿ, ಹಿತುಕಿ, ಬೇಳೆಯನ್ನು ಫ್ರೀಜ್ ಮಾಡಿ, ಅರ್ಧ ಕೆಜಿಯ ಪೊಟ್ಟಣಗಳಲ್ಲಿ ದುಬೈಗೆ ಕಳುಹಿಸುತ್ತೇವೆ. ಅದರ ಜೊತೆಗೆ ವಾರಕ್ಕೆರಡು ಬಾರಿ ನುಗ್ಗೆಕಾಯಿ, ಬೆಂಡೆಕಾಯಿ, ದಂಟಿನ ಸೊಪ್ಪು ತಾಜಾ ಆಗಿಯೇ ಹೋಗುತ್ತವೆ. ಈ ಎರಡೂ ಬಗೆಯ ಸರಕನ್ನು ಎರಡು ಹಂಗಾಮುಗಳಿಂದ ಬೆಂಗಳೂರಿನ ಒಂದೇ ಸಾಗಣೆ ಸಂಸ್ಥೆಯ ಮೂಲಕ ವಿಮಾನದಲ್ಲಿ ಕಳುಹಿಸಿದ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ. ನಮಗಾದ ನಷ್ಟವೊಂದನ್ನೂ ಹೇಳಬೇಕಾಗಿರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ.

ಮೊದಲು ಅವರಿಂದ ಆದ ಉಪಕಾರವನ್ನು ಹೇಳುತ್ತೇನೆ. ದರ ಹೇಳುವ ಮುನ್ನವೇ ಅವರ ಕಡೆಯವರೊಬ್ಬರು ನಮ್ಮ ಘಟಕಕ್ಕೆ ಬಂದು, ಟೇಪು ಹಿಡಿದು ಪೆಟ್ಟಿಗೆಗಳನ್ನು ಅಳೆದರು. ವಿಮಾನದಲ್ಲಿ ನಿಜವಾದ ತೂಕ ಮತ್ತು ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಕಟ್ಟಬೇಕು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಗಾತ್ರದ ತೂಕ ಸಿಗುತ್ತದೆ. ನಮ್ಮ ನುಗ್ಗೆಕಾಯಿ ಪೆಟ್ಟಿಗೆ 75, 40, 30 ಸೆಂಟಿಮೀಟರ್ ಇತ್ತು, ಅಂದರೆ ಲೆಕ್ಕಕ್ಕೆ 15 ಕೆಜಿ. ಒಳಗಿದ್ದದ್ದು 10 ಕೆಜಿ ಕಾಯಿ. ಹೀಗೆ ಪ್ರತಿ ಪೆಟ್ಟಿಗೆಗೂ ನಾಲ್ಕೈದು ಕೆಜಿ ಗಾಳಿಗೆ ಬಾಡಿಗೆ ಕಟ್ಟಲು ಹೊರಟಿದ್ದ ನಮಗೆ ಎತ್ತರ ತಗ್ಗಿಸಿದ ಪೆಟ್ಟಿಗೆಯ ಅಳತೆಯನ್ನು ಅವರೇ ಬರೆದುಕೊಟ್ಟರು. ಗಾತ್ರ ಹೆಚ್ಚಿದಷ್ಟೂ ಅವರಿಗೇ ಲಾಭವಿದ್ದರೂ ಈ ಸಲಹೆ ಕೊಟ್ಟರು ಎಂಬುದನ್ನು ನಾನು ಮರೆತಿಲ್ಲ.

ಕಾಗದಪತ್ರಗಳಲ್ಲಿಯೂ ಅವರ ಕೈ ಪಳಗಿದೆ. ತಾಜಾ ತರಕಾರಿಗೆ ರೋಗ, ಕೀಟ ಇಲ್ಲವೆಂದು ಸಸ್ಯ ಸಂಗರೋಧ ಕಚೇರಿ ಕೊಡುವ ಫೈಟೋಸ್ಯಾನಿಟರಿ ಪ್ರಮಾಣಪತ್ರ, ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್, ಪೊಟ್ಟಣದ ಮೇಲೆ ಅರಬ್ಬಿ ಭಾಷೆಯ ಲೇಬಲ್ ಇವುಗಳಲ್ಲಿ ಯಾವುದಕ್ಕೂ ಒಂದು ದಿನವೂ ಸರಕು ನಿಂತಿಲ್ಲ. ತರಕಾರಿಯ ಸ್ವಭಾವವನ್ನು ಅರಿತವರು ಅಲ್ಲಿರುವುದು ಇನ್ನೂ ದೊಡ್ಡ ಸಂಗತಿ. ದಂಟಿನ ಸೊಪ್ಪಿಗೆ ಸೊನ್ನೆಗೆ ಹತ್ತಿರದ ತಂಪು ಹಿತ; ಅದೇ ತಂಪಿನಲ್ಲಿ ಬೆಂಡೆಕಾಯಿ ಇಟ್ಟರೆ ಮೈಮೇಲೆ ಕುಳಿ ಬಿದ್ದು ಕಪ್ಪಾಗುತ್ತದೆ, ಅದಕ್ಕೆ 7ರಿಂದ 10 ಡಿಗ್ರಿ ಬೇಕು. ಮಾವಿನಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಪಕ್ಕದ ಸೊಪ್ಪನ್ನು ಹಳದಿ ಮಾಡುತ್ತದೆ. ಬೇಸಿಗೆಯಲ್ಲಿ ನಾವು ಬಾದಾಮಿ ಮಾವನ್ನೂ ಸೇರಿಸಿದಾಗ, ಕೇಳದೆಯೇ ಅದನ್ನು ಬೇರೆ ಪ್ಯಾಲೆಟ್‌ಗೆ ಹಾಕಿಸಿದರು. ದುಬೈನ ಅಂಗಡಿಯವರು ಕಳುಹಿಸಿದ ಫೋಟೋದಲ್ಲಿ ಬೆಂಡೆಕಾಯಿಯ ತೊಟ್ಟು ಇನ್ನೂ ಹಸಿರಾಗಿತ್ತು. ತಾಜಾ ತರಕಾರಿಯ ಮಟ್ಟಿಗೆ ಈ ಸೇವೆಯ ಮೇಲೆ ನನ್ನ ದೂರು ಒಂದೂ ಇಲ್ಲ.

ಫ್ರೋಜನ್ ಸರಕಿನ ವಿಷಯ ಬೇರೆ. ಅವರೆಬೇಳೆ ಉದ್ದಕ್ಕೂ ಮೈನಸ್ 18 ಡಿಗ್ರಿಯಲ್ಲಿರಬೇಕು. ಬೆಂಗಳೂರಿನಿಂದ ದುಬೈಗೆ ಹಾರಾಟ ನಾಲ್ಕು ಗಂಟೆ ಮಾತ್ರ. ಆದರೆ ನಮ್ಮ ಘಟಕದಿಂದ ಹೊರಟ ಪೆಟ್ಟಿಗೆ ಅಲ್ಲಿನ ಕೋಲ್ಡ್ ಸ್ಟೋರೇಜ್ ಸೇರಲು ಎಲ್ಲ ಸುಗಮವಾದರೂ ಹದಿನೆಂಟು ಗಂಟೆ ಹಿಡಿಯುತ್ತದೆ. ಹಾರಾಟದ ಆ ನಾಲ್ಕು ಗಂಟೆಗಳ ಬಗ್ಗೆ ನನಗೆ ಭಯವಿಲ್ಲ, ನೆಲದ ಮೇಲಿನ ಹದಿನಾಲ್ಕರದ್ದೇ ಭಯ. ಅಷ್ಟು ಹೊತ್ತೂ ಕಾಯುವುದು ದಪ್ಪ ಥರ್ಮೋಕೋಲ್ ಮತ್ತು ಡ್ರೈ ಐಸ್. ಮೈನಸ್ 78.5 ಡಿಗ್ರಿಯಲ್ಲಿ ನೀರಾಗದೆ ನೇರವಾಗಿ ಅನಿಲವಾಗುವ ಈ ಇಂಗಾಲದ ಡೈಆಕ್ಸೈಡನ್ನು ವಿಮಾನದಲ್ಲಿ ಅಪಾಯಕಾರಿ ವಸ್ತುವೆಂದೇ ಪರಿಗಣಿಸುತ್ತಾರೆ: ವಿಶ್ವಸಂಸ್ಥೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದು ಯುಎನ್ 1845, 9ನೇ ವರ್ಗ. ಪೆಟ್ಟಿಗೆಯ ಮೇಲೆ ಅದರ ನಿವ್ವಳ ತೂಕ ಬರೆದಿರಬೇಕು, ಅನಿಲ ಹೊರಹೋಗಲು ದಾರಿ ಇರಬೇಕು. ನಮ್ಮ ಹುಡುಗರು ಮೊದಲ ಸಲ ಮುಚ್ಚಳದ ಸುತ್ತ ಟೇಪು ಬಿಗಿದು ಸುತ್ತಿದ್ದನ್ನು ಸಂಸ್ಥೆಯವರೇ ಬಿಚ್ಚಿಸಿ ಸರಿಮಾಡಿಸಿದರು.

ಇಷ್ಟು ತಿಳಿದವರ ಕೈಯಲ್ಲಿಯೇ, ಸಂಕ್ರಾಂತಿಗೆ ಮುಂಚಿನ ವಾರ, ನಮ್ಮ 20 ಪೆಟ್ಟಿಗೆ ಅವರೆಬೇಳೆ ಕೆಟ್ಟಿತು. ತರಕಾರಿಯನ್ನೂ ಫ್ರೋಜನ್ ಸರಕನ್ನೂ ಅವರು ಒಂದೇ ಏರ್ ವೇ ಬಿಲ್‌ನಲ್ಲಿ, ಅಂದರೆ ವಿಮಾನ ಸರಕಿನ ರವಾನೆ ಪತ್ರದಲ್ಲಿ, ಬರೆದಿದ್ದರು. ಪ್ರಯಾಣಿಕರ ಲಗೇಜು ಹೆಚ್ಚಾಗಿ ಆ ರಾತ್ರಿಯ ವಿಮಾನದಿಂದ ಸರಕು ಆಫ್‌ಲೋಡ್ ಆಯಿತು. ಕೆಳಗಿಳಿದ ಪೆಟ್ಟಿಗೆಗಳೆಲ್ಲ ಕಾಗದದಲ್ಲಿ ಮೊದಲು ಕಂಡ 'ತರಕಾರಿ' ಎಂಬ ಪದದ ಪ್ರಕಾರ ಒಟ್ಟಿಗೆ 5 ಡಿಗ್ರಿಯ ಕೋಣೆಗೆ ಹೋದವು. ಆಫ್‌ಲೋಡ್ ಆದದ್ದು ರಾತ್ರಿ 2ಕ್ಕೆ, ನಮಗೆ ಫೋನು ಬಂದದ್ದು ಮಧ್ಯಾಹ್ನ 1ಕ್ಕೆ, ಅದೂ 'ಸರಕು ತಂಪಿನಲ್ಲಿ ಸುರಕ್ಷಿತವಾಗಿದೆ' ಎಂಬ ಮಾತಿನೊಂದಿಗೆ. ತಂಪಿನಲ್ಲಿತ್ತು ನಿಜ, ಆದರೆ ಅದು ಅವರೆಬೇಳೆಗೆ ಬೇಕಾದ ತಂಪಲ್ಲ.

ಡ್ರೈ ಐಸ್ ಸಂಜೆಯೊಳಗೆ ಮುಗಿದಿತ್ತು. ಪೆಟ್ಟಿಗೆಯಲ್ಲಿಟ್ಟಿದ್ದ, ಉಷ್ಣಾಂಶವನ್ನು ದಾಖಲಿಸುತ್ತಾ ಹೋಗುವ ಡೇಟಾ ಲಾಗರ್‌ನ ಗೆರೆ ಮೈನಸ್ 19ರಿಂದ ಮೆಲ್ಲಗೆ ಏರುತ್ತಾ ರಾತ್ರಿ 11ಕ್ಕೆ ಸೊನ್ನೆಯನ್ನು ದಾಟಿ, ದುಬೈ ತಲುಪಿದ ಮೇಲೆ ಮತ್ತೆ ಕೆಳಗಿಳಿದಿತ್ತು. ಲಾಗರ್ ಇರದಿದ್ದರೂ ಗೊತ್ತಾಗುತ್ತಿತ್ತು. ಚೆನ್ನಾಗಿರುವ ಪೊಟ್ಟಣವನ್ನು ಅಲ್ಲಾಡಿಸಿದರೆ ಕಾಳುಗಳು ಗರಗರ ಎಂದು ಬಿಡಿಬಿಡಿಯಾಗಿ ಉರುಳುತ್ತವೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಈ ಪೊಟ್ಟಣಗಳು ಇಟ್ಟಿಗೆಯಂತೆ ಗಟ್ಟಿಯಾಗಿದ್ದವು, ಒಳಗೆ ಕವರಿಗೆ ಅಂಟಿಕೊಂಡು ಬಿಳಿಯ ಮಂಜಿನ ಸೂಜಿಗಳು. ಹಬ್ಬಕ್ಕೆಂದು ಮುಂಗಡ ಕೊಟ್ಟು ಕಾದಿದ್ದ ಮನೆಗಳಿಗೆ ಅದನ್ನು ಕೊಡುವ ಮನಸ್ಸಾಗಲಿಲ್ಲ. ಎಲ್ಲವನ್ನೂ ಅಲ್ಲಿಯೇ ಎಸೆಯಲು ಹೇಳಿದೆ.

ಪರಿಹಾರದ ವಿಷಯದಲ್ಲಿ ಕಲಿತದ್ದನ್ನು ಇತರರಿಗಾಗಿ ಬರೆಯುತ್ತೇನೆ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಸರಕಿಗೆ ಹಾನಿಯಾಗಿದ್ದರೆ ಕೈಸೇರಿದ 14 ದಿನಗಳೊಳಗೆ ವಿಮಾನ ಸಂಸ್ಥೆಗೆ ಲಿಖಿತ ದೂರು ಹೋಗಬೇಕು. ಮೌಲ್ಯವನ್ನು ಮೊದಲೇ ಘೋಷಿಸದಿದ್ದರೆ ಪರಿಹಾರಕ್ಕೆ ಕೆಜಿಗೆ ಇಷ್ಟೇ ಎಂಬ ಮಿತಿಯೂ ಇದೆ. 2024ರ ಡಿಸೆಂಬರ್ 28ರಿಂದ ಅದು 26 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ). ಸರಕು ತನ್ನ ಸಹಜ ಗುಣದಿಂದಲೇ ಕೆಟ್ಟಿತೆಂದು ವಿಮಾನ ಸಂಸ್ಥೆ ಸಾಬೀತುಪಡಿಸಿದರೆ ಅದಕ್ಕೆ ಆ ಹೊಣೆಯೂ ತಪ್ಪುತ್ತದೆ. ನಾವು ಐದನೆಯ ದಿನವೇ ಲಾಗರ್‌ನ ದಾಖಲೆಯೊಂದಿಗೆ ಬರೆದೆವು. ಸಾಗಣೆ ಸಂಸ್ಥೆ ಕಾಗದದಲ್ಲಾದ ತನ್ನ ತಪ್ಪನ್ನು ಒಪ್ಪಿ ಬಾಡಿಗೆಯಷ್ಟನ್ನು ಹಿಂತಿರುಗಿಸಿತು; ಅವರೆಯ ಬೆಲೆ ಬರಲಿಲ್ಲ. ನಮ್ಮ ವಿಮೆಯಲ್ಲಿ ಉಷ್ಣಾಂಶದ ಏರುಪೇರು ಸೇರಿರಲಿಲ್ಲ. ಈಗ ಹೆಚ್ಚಿನ ಕಂತು ಕಟ್ಟಿ ಅದನ್ನು ಸೇರಿಸಿದ್ದೇವೆ.

ಅದೇ ಸಂಸ್ಥೆಯಲ್ಲಿ ಮುಂದುವರಿದಿದ್ದೇನೆ, ಆದರೆ ಮೂರು ಷರತ್ತುಗಳನ್ನು ಬರಹದಲ್ಲಿ ಪಡೆದ ಮೇಲೆ. ಫ್ರೋಜನ್ ಸರಕಿಗೆ ಪ್ರತ್ಯೇಕ ಏರ್ ವೇ ಬಿಲ್ ಮತ್ತು ಅದರ ಮೇಲೆ ಫ್ರೋಜನ್ ಎಂಬ ನಿರ್ವಹಣಾ ಸಂಕೇತ. ಆಫ್‌ಲೋಡ್ ಆದರೆ ಯಾವ ಹೊತ್ತಾದರೂ ಒಂದು ಗಂಟೆಯೊಳಗೆ ಫೋನು. ಸರಕು ನಿಂತುಹೋದರೆ ಡ್ರೈ ಐಸ್ ಮರುಪೂರಣ, ಅದರ ಖರ್ಚು ನಮ್ಮದು. ಈ ಮೂರಕ್ಕೂ ಒಪ್ಪದ ಬೇರೆ ಎರಡು ಸಂಸ್ಥೆಗಳು ಇದಕ್ಕಿಂತ ಕಡಿಮೆ ದರ ಹೇಳಿದ್ದರೂ ನಾನು ಹೋಗಲಿಲ್ಲ. ತರಕಾರಿ, ಹಣ್ಣು ಕಳುಹಿಸುವವರಿಗೆ ಈ ಸೇವೆಯನ್ನು ಮನಸಾರೆ ಶಿಫಾರಸು ಮಾಡುತ್ತೇನೆ, ಐದಕ್ಕೆ ನಾಲ್ಕೂವರೆ ಅಂಕ. ಫ್ರೋಜನ್ ಸರಕಿಗೆ ಸದ್ಯಕ್ಕೆ ಮೂರು. ಕಳೆದ ತಿಂಗಳು ಮತ್ತೊಮ್ಮೆ ಆಫ್‌ಲೋಡ್ ಆದಾಗ ರಾತ್ರಿ 2.40ಕ್ಕೆ ಫೋನು ಬಂತು. ಪೆಟ್ಟಿಗೆಗಳು ಆಗಲೇ ಫ್ರೀಜರ್ ಕೋಣೆ ಸೇರಿದ್ದವು.