ಟ್ಯಾಂಕ್ ಇಳಿಸಬೇಕೋ, ಮೇಲಿನಿಂದ ಕೈ ಹಾಕಬೇಕೋ: ಹಳೇ ಗಾಡಿಯ ಫ್ಯೂಯಲ್ ಪಂಪ್ ತಲುಪುವ ನಾಲ್ಕು ದಾರಿಗಳ ಹೋಲಿಕೆ

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಗಾಡಿಯಾದರೆ ಈ ಹೋಲಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅಂಥವುಗಳಲ್ಲಿ ಹೆಚ್ಚಿನವಕ್ಕೆ, ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಲುಪಿಸುವ ಫ್ಯೂಯಲ್ ಪಂಪ್ ಎಂಜಿನ್ನಿನ ಪಕ್ಕದಲ್ಲೇ ಇರುತ್ತದೆ, ಬಾನೆಟ್ ಎತ್ತಿದರೆ ಕೈಗೆ ಸಿಗುತ್ತದೆ. ತಲೆನೋವು ಇರುವುದು ಅದರ ನಂತರ ಬಂದ, ಈಗ ಹಳೇದಾಗುತ್ತಿರುವ, ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಗಾಡಿಗಳಲ್ಲಿ. ಅವುಗಳ ಪಂಪ್ ಟ್ಯಾಂಕಿನ ಒಳಗೆ, ಪೆಟ್ರೋಲಿನಲ್ಲೇ ಮುಳುಗಿರುತ್ತದೆ. ಮೋಟರನ್ನು ತಣ್ಣಗಿಡುವುದು ಆ ಪೆಟ್ರೋಲೇ. ತಯಾರಕರಿಗೆ ಅದು ಒಳ್ಳೆಯ ಏರ್ಪಾಡು, ಮನೆಯಲ್ಲಿ ಬಿಚ್ಚುವವರಿಗೆ ಅಲ್ಲ.

ಒಳಗೆ ಹೋಗಲು ನಾಲ್ಕು ದಾರಿಗಳಿವೆ: ಹಿಂದಿನ ಸೀಟಿನ ಅಡಿಯ ಮುಚ್ಚಳ, ಟ್ಯಾಂಕನ್ನೇ ಕೆಳಗಿಳಿಸುವುದು, ಪಿಕಪ್ ಆದರೆ ಲೋಡ್ ಬಾಡಿ ಎತ್ತುವುದು, ಮತ್ತು ನೆಲದ ತಗಡನ್ನು ಕತ್ತರಿಸುವುದು. ಮೊದಲ ಮೂರನ್ನು ನಾನೇ ಮಾಡಿದ್ದೇನೆ. ನಾಲ್ಕನೆಯದರಲ್ಲಿ, ಹಿಂದಿನ ಮಾಲೀಕರು ಕತ್ತರಿಸಿಟ್ಟಿದ್ದ ಕಾರಿನ ಕೆಲಸ ಮಾಡಿದ್ದೇನೆ.

ಯಾವ ದಾರಿ ಹಿಡಿಯುವ ಮೊದಲೂ ಕೆಟ್ಟಿರುವುದು ಪಂಪೇ ಎಂದು ಖಾತ್ರಿ ಮಾಡಿಕೊಳ್ಳಿ. ಕೀ ತಿರುಗಿಸಿದ ಕೂಡಲೇ ಹಿಂದಿನಿಂದ ಒಂದೆರಡು ಸೆಕೆಂಡ್ ಗುಂಯ್ ಎನ್ನುವ ಸದ್ದು ಬರಬೇಕು. ಬರದಿದ್ದರೆ ಫ್ಯೂಸ್ ನೋಡಿ, ಪಂಪಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ರಿಲೇ ಬದಲು ಅದೇ ಬಗೆಯ ಇನ್ನೊಂದನ್ನು ಹಾಕಿ ನೋಡಿ, ಪಂಪಿನ ಕನೆಕ್ಟರಿನಲ್ಲಿ ಕರೆಂಟ್ ಮತ್ತು ಅರ್ಥಿಂಗ್ ಎರಡೂ ಬರುತ್ತಿವೆಯೇ ಎಂದು ಮೀಟರ್ ಹಿಡಿದು ನೋಡಿ. ಒಬ್ಬರು ಸ್ಟಾರ್ಟರ್ ತಿರುಗಿಸುತ್ತಿರುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಎಂಜಿನ್ ಹತ್ತಿಕೊಂಡರೆ, ಮೋಟರಿನ ಬ್ರಷ್ ಸವೆದಿರುವ ಸಾಧ್ಯತೆ ಹೆಚ್ಚು. ಆಗ ನಿಶ್ಚಿಂತೆಯಿಂದ ಬಿಚ್ಚಬಹುದು.

ಸೀಟಿನ ಅಡಿಯ ದಾರಿ ಇದ್ದರೆ ಬೇರೆ ಯೋಚನೆಯೇ ಬೇಡ. ಸೀಟಿನ ಕುಶನ್ ಎತ್ತಿ, ಕಾರ್ಪೆಟ್ ಮಡಚಿದರೆ ತಗಡಿನ ಮುಚ್ಚಳ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಅದು ಡಿಕ್ಕಿಯ ನೆಲದಲ್ಲಿರುತ್ತದೆ. ನಾನು ಬಿಚ್ಚಿದ ಸೆಡಾನಿನಲ್ಲಿ ಜಾಕ್ ಏರಿಸುವ ಅಗತ್ಯವೇ ಬೀಳಲಿಲ್ಲ, ಬೆನ್ನಿನ ಮೇಲೆ ಮಲಗಬೇಕಾಗಲಿಲ್ಲ, ಒಬ್ಬನೇ ಮಾಡಿ ಮುಗಿಸಿದೆ. ಒಂದೇ ತೊಂದರೆ, ಮುಚ್ಚಳ ತೆಗೆದಾಗ ಕಾಣುವ ವರ್ಷಗಳ ಧೂಳು. ಅದನ್ನು ಪಂಪ್ ಬಿಚ್ಚುವ ಮೊದಲೇ ಬ್ರಷ್ ಮತ್ತು ಒದ್ದೆ ಬಟ್ಟೆಯಿಂದ ಪೂರ್ತಿ ತೆಗೆಯಬೇಕು. ಇಲ್ಲವಾದರೆ ಆ ಮರಳೆಲ್ಲ ಟ್ಯಾಂಕಿಗೇ ಬೀಳುತ್ತದೆ, ಹೊಸ ಪಂಪಿನ ಜಾಲರಿ ಮೊದಲ ದಿನವೇ ಕಟ್ಟುತ್ತದೆ.

ಈ ದಾರಿಗೂ ಒಂದು ಮಿತಿಯಿದೆ. ಆ ಕಿಂಡಿಯಿಂದ ಪಂಪ್ ಕಾಣುತ್ತದೆ, ಟ್ಯಾಂಕಿನ ಉಳಿದ ಮೈ ಕಾಣುವುದಿಲ್ಲ. ಇಪ್ಪತ್ತು ವರ್ಷದ ಗಾಡಿಯಲ್ಲಿ ತುಕ್ಕು ಮೊದಲು ಹಿಡಿಯುವುದು ಟ್ಯಾಂಕಿನ ಮೇಲ್ಭಾಗದ ಅಂಚಿಗೆ, ಅದನ್ನು ಹಿಡಿದಿಡುವ ಪಟ್ಟಿಗಳ ಅಡಿಗೆ ಮತ್ತು ಉಕ್ಕಿನ ಪೈಪುಗಳು ಹಾದುಹೋಗುವ ಮೂಲೆಗಳಿಗೆ. ಪಂಪ್ ಬದಲಾಯಿಸಿದ ಮೇಲೂ ಪೆಟ್ರೋಲ್ ವಾಸನೆ ಹೋಗಲಿಲ್ಲವೆಂದರೆ ಕಾರಣ ಬಹುಶಃ ಆ ಮೂಲೆಗಳಲ್ಲೇ ಇರುತ್ತದೆ.

ಅದಕ್ಕೇ ಟ್ಯಾಂಕ್ ಇಳಿಸುವುದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅದರ ಕಷ್ಟ ಏನೆಂದು ತಿಳಿದೇ ಇಳಿಯಬೇಕು. ಪೆಟ್ರೋಲ್ ಲೀಟರಿಗೆ ಸುಮಾರು 0.75 ಕಿಲೋ ತೂಗುತ್ತದೆ. ನಲವತ್ತು ಲೀಟರ್ ಇದ್ದರೆ ಮೂವತ್ತು ಕಿಲೋ, ಮೇಲೆ ಟ್ಯಾಂಕಿನ ತೂಕ ಬೇರೆ. ಅದು ಸುಮ್ಮನೆ ಕೂರುವ ಭಾರವಲ್ಲ, ಒಂದು ಕಡೆ ವಾಲಿದರೆ ಪೂರ್ತಿ ಆ ಕಡೆಗೇ ಹರಿಯುತ್ತದೆ. ಆದ್ದರಿಂದ ಪಂಪ್ ಸೊರಗುತ್ತಿದೆ ಎಂಬ ಅನುಮಾನ ಬಂದಾಗಿನಿಂದಲೇ ಟ್ಯಾಂಕ್ ತುಂಬಿಸುವುದನ್ನು ನಿಲ್ಲಿಸುವುದು ಒಳ್ಳೆಯದು. ಉಳಿದದ್ದನ್ನು ಪೆಟ್ರೋಲಿಗೆಂದೇ ಮಾಡಿದ ಕೈಪಂಪಿನಿಂದ ಮುಚ್ಚಳವಿರುವ ಕ್ಯಾನಿಗೆ ತೆಗೆಯಬೇಕು. ಬಾಯಿಂದ ಎಳೆಯುವುದು ಬೇಡವೇ ಬೇಡ, ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಗಾಡಿ ಜಾಕ್ ಸ್ಟ್ಯಾಂಡಿನ ಮೇಲೆ ನಿಂತಿರಬೇಕು, ಬರಿಯ ಜಾಕಿನ ಮೇಲಲ್ಲ. ಟ್ಯಾಂಕಿನ ಅಡಿಗೆ ಅಗಲವಾದ ಹಲಗೆ ಇಟ್ಟು ಇನ್ನೊಂದು ಜಾಕ್ ಕೊಡಬೇಕು. ಪಟ್ಟಿಗಳ ಬೋಲ್ಟ್ ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಗ್ಗೆ ತಾಳ್ಮೆ ಉಳಿಯುತ್ತದೆ. ಇಲ್ಲಿ ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಪೆಟ್ರೋಲ್ ಹಾಕುವ ಕತ್ತಿನ ದಪ್ಪ ರಬ್ಬರ್ ಹೋಸ್. ಎಳೆದರೆ ಬರುವುದಿಲ್ಲ, ಮೊದಲು ತಿರುಚಿ ಹಿಡಿತ ಬಿಡಿಸಬೇಕು. ಪಂಪಿನ ಮೇಲಿನ ಪೈಪು ಮತ್ತು ವೈರುಗಳು ಟ್ಯಾಂಕ್ ಒಂದು ಗೇಣು ಇಳಿದ ಮೇಲಷ್ಟೇ ಕೈಗೆ ಸಿಗುತ್ತವೆ. ಅದಕ್ಕಿಂತ ಹೆಚ್ಚು ಇಳಿಸಿದರೆ ಅವೇ ಕಿತ್ತುಬರುತ್ತವೆ. ಕೆಲವು ಗಾಡಿಗಳಲ್ಲಿ ಸೈಲೆನ್ಸರ್ ಪೈಪ್ ಕೂಡ ಅಡ್ಡ ಬರುತ್ತದೆ. ಇಳಿಸುವುದಕ್ಕಿಂತ ವಾಪಸ್ ಏರಿಸುವುದು ಕಷ್ಟ, ಯಾಕೆಂದರೆ ಹೋಸ್ ಎಲ್ಲೂ ಮಡಚಿಕೊಳ್ಳದೆ ಸಿಕ್ಕಿಹಾಕಿಕೊಳ್ಳದೆ ಕೂತಿದೆಯೇ ಎಂದು ನೋಡಲು ಜಾಗವೇ ಇರುವುದಿಲ್ಲ. ಜೊತೆಗೊಬ್ಬರು ಬೇಕೇ ಬೇಕು.

ಇಷ್ಟು ಪಾಡುಪಟ್ಟರೆ ಸಿಗುವುದೇನು? ಟ್ಯಾಂಕಿನ ಆರೂ ಮುಖ ಕಣ್ಣೆದುರಿಗಿರುತ್ತವೆ. ತಳದ ಕೆಸರು ತೊಳೆಯಬಹುದು, ಒಣಗಿ ಬಿರಿದ ಹೋಸ್‌ಗಳನ್ನೆಲ್ಲ ಒಮ್ಮೆಗೇ ಬದಲಾಯಿಸಬಹುದು. ಅಡಿಯಿಂದ ಟಾರ್ಚ್ ಬಿಟ್ಟಾಗ ಪಟ್ಟಿ ಅಥವಾ ಪೈಪಿನಲ್ಲಿ ಪದರ ಪದರವಾಗಿ ಏಳುವ ತುಕ್ಕು ಕಂಡರೆ, ಸೀಟಿನ ಅಡಿ ಮುಚ್ಚಳವಿದ್ದರೂ ನಾನು ಟ್ಯಾಂಕ್ ಇಳಿಸುವುದನ್ನೇ ಆರಿಸುತ್ತೇನೆ.

ಪಿಕಪ್ ವಿಷಯದಲ್ಲಿ ನನ್ನ ಮನಸ್ಸು ಸ್ಪಷ್ಟವಾಗಿದೆ: ಲೋಡ್ ಬಾಡಿ ಎತ್ತುವುದೇ ಮೇಲು. ಒಂದೇ ಪಿಕಪ್ಪಿನಲ್ಲಿ ಟ್ಯಾಂಕ್ ಇಳಿಸುವುದು, ಬಾಡಿ ಎತ್ತುವುದು ಎರಡೂ ಮಾಡಿದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಬಾಡಿ ಸಾಮಾನ್ಯವಾಗಿ ಆರೋ ಎಂಟೋ ಬೋಲ್ಟಿನ ಮೇಲೆ ನಿಂತಿರುತ್ತದೆ. ಪೆಟ್ರೋಲ್ ಹಾಕುವ ಕತ್ತಿನ ಸ್ಕ್ರೂಗಳು, ಹಿಂದಿನ ಲೈಟಿನ ಕನೆಕ್ಟರ್, ಅರ್ಥಿಂಗ್ ವೈರ್ ಬಿಚ್ಚಿದರೆ ನಾಲ್ಕು ಜನ ಸೇರಿ ಎತ್ತಿ ಹಿಂದಕ್ಕೆ ಸರಿಸಬಹುದು. ಜನ ಸಿಗದಿದ್ದರೆ ಒಂದು ಪಕ್ಕದ ಬೋಲ್ಟ್ ಸಡಿಲಿಸಿ, ಟ್ಯಾಂಕ್ ಇರುವ ಪಕ್ಕದ್ದನ್ನು ಪೂರ್ತಿ ತೆಗೆದು, ಆ ಪಕ್ಕವನ್ನು ಎತ್ತಿ ದಪ್ಪ ಮರದ ತುಂಡುಗಳಿಂದ ಭದ್ರವಾಗಿ ಆಸರೆ ಕೊಡಬಹುದು. ನಿಂತುಕೊಂಡೇ, ಬೆಳಕಿನಲ್ಲಿ, ಎರಡೂ ಕೈಗೆ ಜಾಗವಿಟ್ಟುಕೊಂಡು ಕೆಲಸ ಮಾಡಬಹುದು. ಪೆಟ್ರೋಲ್ ಎಷ್ಟಿದೆ ಎಂಬುದೂ ಅಷ್ಟಾಗಿ ಅಡ್ಡಿಯಾಗುವುದಿಲ್ಲ, ಟ್ಯಾಂಕ್ ಇದ್ದಲ್ಲೇ ಇರುತ್ತದಲ್ಲ. ಬೋಲ್ಟ್ ಜೊತೆಗೆ ಅದರ ನಟ್ ಕೂಡ ತಿರುಗತೊಡಗಿದರೆ ಮಾತ್ರ ಬೆವರು ಇಳಿಯುತ್ತದೆ.

ಇನ್ನು ನೆಲ ಕತ್ತರಿಸುವುದು. ಟ್ಯಾಂಕ್ ಇಳಿಸುವ ಬದಲು ಒಂದು ಚೌಕ ಕತ್ತರಿಸಿ, ಮೇಲೆ ತಗಡು ಮುಚ್ಚಿಬಿಡೋಣ ಅನ್ನಿಸುವುದು ಸಹಜ. ದಯವಿಟ್ಟು ಬೇಡ. ತಗಡಿಗೂ ಟ್ಯಾಂಕಿಗೂ ನಡುವೆ ಹಲವು ಗಾಡಿಗಳಲ್ಲಿ ಎರಡು ಬೆರಳಿನಷ್ಟೇ ಸಂದು, ಅದರಲ್ಲೇ ಪೈಪು ಮತ್ತು ವೈರು. ಗ್ರೈಂಡರಿನ ಕಿಡಿ ನೇರವಾಗಿ ಅಲ್ಲಿಗೇ ಬೀಳುತ್ತದೆ. ಪೆಟ್ರೋಲ್ ತೆಗೆದ ಟ್ಯಾಂಕ್ ಸುರಕ್ಷಿತ ಎಂದುಕೊಳ್ಳಬಾರದು. ಹೊತ್ತಿಕೊಳ್ಳುವುದು ಆವಿ, ಖಾಲಿ ಟ್ಯಾಂಕಿನಲ್ಲಿ ಅದು ಗಾಳಿಯೊಂದಿಗೆ ಬೆರೆತು ಸಿಡಿಯುವ ಹದಕ್ಕೆ ಬಂದಿರಬಹುದು. ಕಿಡಿಯ ಭಯ ಪೂರ್ತಿ ಹೋಗಬೇಕಾದರೆ ಟ್ಯಾಂಕನ್ನು ಮೊದಲು ಇಳಿಸಿಡಬೇಕು. ಇಳಿಸಿದ ಮೇಲೆ ಪಂಪ್ ಹೇಗೂ ಕೈಯಲ್ಲೇ ಇರುತ್ತದೆ, ಮತ್ತೆ ಕತ್ತರಿಸುವುದೇಕೆ? ನಾನು ಕಂಡ ಕಾರಿನಲ್ಲಿ ಕತ್ತರಿಸಿದ ಅಂಚು ತುಕ್ಕು ಹಿಡಿದಿತ್ತು, ಸೀಲಂಟ್ ಬಿರುಕು ಬಿಟ್ಟಿತ್ತು, ಟ್ಯಾಂಕ್ ತುಂಬಿದ ದಿನ ಒಳಗೆಲ್ಲ ವಾಸನೆ. ಕೂರುವವರಿಗೂ ಪೆಟ್ರೋಲಿಗೂ ನಡುವಿನ ಗೋಡೆ ಆ ತಗಡು. ಅಪಘಾತದಲ್ಲಿ ಅದು ಇಡಿಯಾಗಿ ಇರಬೇಕು.

ಆವಿಯ ಮಾತು ಉಳಿದ ಮೂರಕ್ಕೂ ಸೇರುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಉರಿಯನ್ನೂ ಮುಟ್ಟುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಮಾಡದೆ ಬಯಲಿನಲ್ಲಿ ಮಾಡಿ, ಬಿಸಿಯಾಗುವ ಬಲ್ಬ್ ಬದಲು ತಲೆಗೆ ಕಟ್ಟುವ ಎಲ್‌ಇಡಿ ದೀಪ ಬಳಸಿ, ಡ್ರೈ ಪೌಡರ್ ಅಗ್ನಿಶಾಮಕ ಪಕ್ಕದಲ್ಲಿರಲಿ. ಇಂಜೆಕ್ಷನ್ ಪೈಪಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡವಿರುತ್ತದೆ. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಎಂಜಿನ್ ಹತ್ತದಿದ್ದರೆ ಸ್ಟಾರ್ಟರ್ ಕೆಲವು ಸೆಕೆಂಡ್ ತಿರುಗಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಾಗಿದ್ದೂ ಮೊದಲ ಪೈಪ್ ಬಿಚ್ಚುವಾಗ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ.

ಪಂಪನ್ನು ಟ್ಯಾಂಕಿಗೆ ಬಿಗಿದಿಡುವ ಲಾಕ್ ರಿಂಗ್ ತಿರುಗಿಸಲು ಹಿತ್ತಾಳೆಯ ತುಂಡನ್ನೋ ಮರದ ತುಂಡನ್ನೋ ಇಟ್ಟು ಬಡಿಯಿರಿ, ಉಕ್ಕಿನ ಉಳಿ ಬೇಡ. ಪಂಪ್ ಯಾವ ಕಡೆಗೆ ಮುಖ ಮಾಡಿತ್ತೆಂದು ಮೊದಲೇ ಗುರುತು ಹಾಕಿಕೊಳ್ಳಿ. ಪೆಟ್ರೋಲಿನ ಮಟ್ಟ ತಿಳಿಸುವ ಫ್ಲೋಟಿನ ಕಡ್ಡಿ ಬಾಗದಂತೆ ಓರೆ ಮಾಡಿ ತೆಗೆಯಿರಿ, ಬಾಗಿದರೆ ಪೆಟ್ರೋಲ್ ಮುಳ್ಳು ಆಮೇಲೆ ಸುಳ್ಳು ಹೇಳುತ್ತದೆ. ಪಂಪಿನ ಬಾಯಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಹೊಸದೇ ಆಗಬೇಕು. ಪಂಪಿನ ಒಳಗಿನ ತುಂಡು ಹೋಸ್ ಬದಲಾಯಿಸುವುದಾದರೆ ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ ಬಗೆಯದನ್ನು ತನ್ನಿ. ಮಾಮೂಲಿ ಫ್ಯೂಯಲ್ ಹೋಸ್ ಹೊರಗಿನ ಬಳಕೆಗಾಗಿ ಮಾಡಿದ್ದು, ಮುಳುಗಿದರೆ ಊದಿಕೊಂಡು ಬಿರಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡದೆ ಕೀಯನ್ನಷ್ಟೇ ನಾಲ್ಕೈದು ಸಲ ಆನ್ ಮಾಡಿ ಆಫ್ ಮಾಡಿ, ಪೈಪಿನಲ್ಲಿ ಒತ್ತಡ ತುಂಬಲಿ. ಎಲ್ಲೂ ಸೋರದಿದ್ದರೆ ಸ್ಟಾರ್ಟ್ ಮಾಡಿ. ಸೀಟನ್ನೋ ಲೋಡ್ ಬಾಡಿಯನ್ನೋ ವಾಪಸ್ ಕೂರಿಸುವ ಮೊದಲು ಕ್ಯಾನಿನಲ್ಲಿದ್ದ ಪೆಟ್ರೋಲನ್ನೆಲ್ಲ ಟ್ಯಾಂಕಿಗೆ ಸುರಿದು, ಇನ್ನೊಮ್ಮೆ ಓ-ರಿಂಗಿನ ಸುತ್ತ ಬೆರಳಾಡಿಸಿ ನೋಡಿ. ಅರ್ಧ ಟ್ಯಾಂಕಿನಲ್ಲಿ ಒಣಗಿದ್ದ ಜಾಗ ತುಂಬಿದ ಟ್ಯಾಂಕಿನಲ್ಲಿ ಒದ್ದೆಯಾಗುವುದುಂಟು.