ತುಮಕೂರಲ್ಲಿ ಕೇಪಿನ ಕೋವಿ ರಿಪೇರಿ: ನಾನು ಹೋಗೋ ಅಂಗಡಿ ಬಗ್ಗೆ

ಮನೇಲಿ ಅಪ್ಪಂದೋ ತಾತಂದೋ ಕೇಪಿನ ಕೋವಿ (ನಳಿಗೆ ಬಾಯಿಂದ ಮದ್ದು ತುಂಬಿ, ಕೇಪು ಅನ್ನೋ ಸಣ್ಣ ಸಿಡಿಯೋ ಟೋಪಿಯಿಂದ ಹೊತ್ತಿಸೋ ಹಳೇ ಬಂದೂಕು) ಇದ್ದು ಈಗ ಲೈಸೆನ್ಸ್ ನಿಮ್ಮ ಹೆಸರಿಗೆ ಆಗಿದೆಯಾ? ಹಾಗಿದ್ರೆ ಮದ್ದು, ಕೇಪು ತಗೊಳ್ಳೋಕೆ ಮುಂಚೆ ಒಂದ್ಸಲ ಈ ಅಂಗಡಿಗೆ ಹೋಗ್ಬನ್ನಿ. ತುಮಕೂರು ಟೌನಲ್ಲೇ, ಬಿ.ಎಚ್. ರೋಡಿಂದ ಸ್ವಲ್ಪ ಒಳಗೆ. ಬಂದೂಕಿನ ಅಂಗಡಿ ಆಗಿರೋದ್ರಿಂದ ಹೆಸರು, ಅಡ್ರೆಸ್ಸು ಇಲ್ಲಿ ಹಾಕಲ್ಲ, ನಮ್ಮ ಜಿಲ್ಲೆಲಿ ಲೈಸೆನ್ಸ್ ಇರೋರ್ನ ಯಾರ್ನ ಕೇಳಿದ್ರೂ ತೋರಿಸ್ತಾರೆ. ಅಲ್ಲಿ ಮಾರೋ ಸಾಮಾನು ನೋಡಿ ಬರೀತಿಲ್ಲ ನಾನು, ಅವ್ರ ಕೈ ಕೆಲಸ ಮತ್ತೆ ಹೊಸಬರಿಗೆ ಕೂರ್ಸಿ ಹೇಳ್ಕೊಡೋ ರೀತಿ ಇದೆಯಲ್ಲ, ಅದಕ್ಕೆ ಬರೀತಿರೋದು.

ನಮ್ದು ಮಧುಗಿರಿ ಕಡೆ. ಬೆಟ್ಟದ ಬುಡದಲ್ಲಿ ಕಡ್ಲೇಕಾಯಿ ಹೊಲ, ಕಾಯಿ ಕಟ್ಟೋ ಹೊತ್ತಿಗೆ ಹಂದಿ ಕಾಟ ಹೇಳತೀರದು. ಬೆಳೆ ರಕ್ಷಣೆಗೆ ಅಂತ ಅಪ್ಪನ ಹೆಸರಲ್ಲಿದ್ದ ಲೈಸೆನ್ಸು, ಅವ್ರಿಗೆ 70 ದಾಟಿದ ಮೇಲೆ ನನ್ನ ಹೆಸರಿಗೆ ಮಾಡಿಸ್ಕೊಂಡ್ವಿ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ಆಗಿದ್ರೆ ಅಥ್ವಾ ಬಂದೂಕು ಇಟ್ಕೊಂಡು 25 ವರ್ಷ ಆಗಿದ್ರೆ ಅವ್ರು ಬದುಕಿರುವಾಗ್ಲೇ ವಾರಸುದಾರರು ಅರ್ಜಿ ಹಾಕ್ಬೋದು. ತೀರ್ಕೊಂಡ ಮೇಲೇ ಮಾಡ್ಬೇಕು ಅಂತ ಸುಮಾರು ಜನ ಸುಮ್ನಿದ್ದುಬಿಡ್ತಾರೆ, ಅದಕ್ಕೆ ಹೇಳಿದೆ.

ಲೈಸೆನ್ಸ್ ಕೈಗೆ ಬಂದ್ಮೇಲೆ ಕೋವಿ ಚೀಲಕ್ಕೆ ಹಾಕ್ಕೊಂಡು ಅಂಗಡಿಗೆ ಹೋದೆ. ಯಜಮಾನ್ರು ವಯಸ್ಸಾದೋರು, ಮಾತು ಕಮ್ಮಿ. ಮೊದ್ಲು ಲೈಸೆನ್ಸ್ ಬುಕ್ ಇಸ್ಕೊಂಡು ಕೋವಿ ಮೇಲಿರೋ ನಂಬರ್ ತಾಳೆ ನೋಡಿದ್ರು, ಆಮೇಲೆ ಕೋವಿ ಮುಟ್ಟಿದ್ದು. ಗಜ, ಅಂದ್ರೆ ಮದ್ದು ಒತ್ತಿ ಕೂರ್ಸೋ ಉದ್ದ ಕಡ್ಡಿ, ತೆಗೆದು ನಳಿಗೆ ಒಳಗೆ ನಿಧಾನಕ್ಕೆ ಬಿಟ್ರು, ಬಾಯಿ ಹತ್ರ ಬೆರಳಿಟ್ಟು ಗುರುತು ಹಿಡಿದು ಹೊರಗೆ ತೆಗೆದು, ಅದೇ ಗಜನ ನಳಿಗೆ ಹೊರಗಡೆ ಪಕ್ಕಕ್ಕೆ ಇಟ್ಟು ಅಳತೆ ನೋಡಿದ್ರು. ಗಜದ ತುದಿ ನಿಪ್ಪಲ್ (ಕೇಪು ಕೂರೋ ಸಣ್ಣ ಕೊಳವೆ) ಇರೋ ಜಾಗದವರೆಗೂ ಬರಬೇಕಿತ್ತು, ನಾಲ್ಕು ಬೆರಳು ಮುಂಚೆನೇ ನಿಂತಿತ್ತು. "ಈಡು ಒಳಗೇ ಐತಲ್ಲಪ್ಪ" ಅಂದ್ರು. ಯಾವ ಕಾಲದಲ್ಲಿ ತುಂಬಿಟ್ಟಿದ್ದೋ ಏನೋ, ಅಪ್ಪನಿಗೂ ನೆನಪಿಲ್ಲ. ಅಟ್ಟದ ಮೇಲೆ ಅಷ್ಟು ವರ್ಷ ಮದ್ದು ತುಂಬ್ಕೊಂಡೇ ಕೂತಿತ್ತು ಅದು, ಮನೇಲಿ ಮಕ್ಕಳಿದಾರೆ, ಇವತ್ತಿಗೂ ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ. ಅವ್ರು ಗಾಬರಿ ಬೀಳ್ಲಿಲ್ಲ, ಬಾಯಿನ ಗೋಡೆ ಕಡೆ ತಿರುಗಿಸಿ ನಿಪ್ಪಲ್ ಬಿಚ್ಚಿ ಒಳಗೆ ನೀರು ಬಿಟ್ಟು ಮದ್ದು ನೆನೆಯೋಕೆ ಬಿಟ್ರು, ಸುಮಾರು ಹೊತ್ತಾದ ಮೇಲೆ ಗಜದ ತುದಿಗೆ ತಿರುಪಿನ ಕೊಕ್ಕೆ ಹಾಕಿ ಬಟ್ಟೆ, ಚರೆ ಎಲ್ಲಾ ಎಳೆದು ತೆಗೆದ್ರು.

ಹಳೇ ಕೋವಿ ಇರೋರು ದಯವಿಟ್ಟು ಈ ಗಜದ ಅಳತೆ ಮೊದ್ಲು ನೋಡಿ. ಒಳಗೆ ಏನಾದ್ರೂ ಇದೆ ಅನ್ನಿಸಿದ್ರೆ ನೀವೇ ಕುಟ್ಟೋಕೆ, ಕಾಯ್ಸೋಕೆ ಹೋಗ್ಬೇಡಿ, ಇಂಥೋರ ಕೈಗೆ ಕೊಡಿ.

ರಿಪೇರಿ ಅಂತ ಮಾಡಿದ್ದು ನಿಪ್ಪಲ್ ಬದಲಾವಣೆ, ಕುದುರೆಯ (ಕೇಪಿನ ಮೇಲೆ ಬಡಿಯೋ ಸುತ್ತಿಗೆ) ಸ್ಪ್ರಿಂಗ್, ಹಿಡಿ ಹತ್ರ ಬಿರುಕು ಬಿಟ್ಟಿದ್ದ ಮರ. ನಿಪ್ಪಲ್ ಬಾಯಿ ಚಪ್ಪಟೆ ಆಗೋಗಿತ್ತು, ಖಾಲಿ ಕುದುರೆ ಬಿಟ್ಟು ಬಿಟ್ಟು ಹಾಗಾಗೋದು, ಮಕ್ಕಳ ಕೈಲಿ ಟಕ್ ಟಕ್ ಅನ್ನಿಸೋಕೆ ಕೊಡ್ಬೇಡಿ. ನಳಿಗೆನ ಟಾರ್ಚ್ ಬಿಟ್ಟು ನೋಡಿ ತುಕ್ಕು ಮೇಲ್ಮೈಲಷ್ಟೇ ಇದೆ ಅಂತ ಹೇಳಿ ಬರೀ ಎಣ್ಣೆ, ಹಿತ್ತಾಳೆ ಬ್ರಷ್ಷಲ್ಲಿ ತೆಗೆದ್ರು. ಇನ್ನೊಂದು ಊರಲ್ಲಿ ನಮ್ಮ ಪರಿಚಯದವ್ರ ಕೋವಿಗೆ ಉಪ್ಪುಕಾಗದ ಸುತ್ತಿ ಉಜ್ಜಿ ಬೆಳ್ಳಿ ಥರ ಮಾಡ್ಕೊಟ್ಟಿದ್ರು, ನೋಡೋಕೆ ಚೆನ್ನಾಗಿತ್ತು, ಆದ್ರೆ ಒಳಗಿನ ಗೋಡೆ ತೆಳ್ಳಗಾಯ್ತು. ಇವ್ರು ಆ ಕೆಲಸ ಕೇಳಿದ್ರೂ ಮಾಡಲ್ಲ.

ಅವತ್ತು ಬೆಂಚ್ ಮೇಲೆ ಇನ್ನೊಬ್ಬರ ಕೋವಿ ಇತ್ತು, ಉದ್ದ ನಳಿಗೆ, ನೋಡಿದ್ರೆ 1853ರ ಎನ್‌ಫೀಲ್ಡ್ ರೈಫಲ್ ಥರಾನೇ. ರೈಫಲ್ಲಾ ಅಂತ ಕೇಳಿದ್ದಕ್ಕೆ ಟಾರ್ಚ್ ಕೈಗೆ ಕೊಟ್ಟು ನೀನೇ ನೋಡು ಅಂದ್ರು. ಒಳಗೆ ನುಣ್ಣಗೆ, ಒಂದು ಗೀರಿಲ್ಲ. 1857ರ ದಂಗೆ ಆದ್ಮೇಲೆ ಬ್ರಿಟಿಷರು ಇಲ್ಲಿನ ಸಿಪಾಯಿಗಳಿಗೆ ರೈಫಲ್ ಕೊಡೋಕೆ ಹೆದರಿ, ನೋಡೋಕೆ ಅದೇ ಥರ ಇದ್ದು ಒಳಗೆ ಗೀರಿಲ್ಲದ ಕೋವಿ ಮಾಡಿಸಿದ್ರು. ನಿಜವಾದ ಎನ್‌ಫೀಲ್ಡಲ್ಲಿ ಮೂರು ಗೀರು ಇರ್ತವೆ, ಗುಂಡು ತಿರುಗ್ಕೊಂಡು ನೇರ ಹೋಗೋದು ಅದರಿಂದ. ನಮ್ಮ ಬೆಳೆ ಕಾಯೋ ಕೋವಿಗಳೂ ನುಣ್ಣನೆ ನಳಿಗೆಯವೇ. ತೊಳೆಯೋಕೆ ನಮ್ದೇ ಸುಲಭ, ರೈಫಲ್ ಆದ್ರೆ ಪ್ರತಿ ಗೀರಲ್ಲೂ ಮಸಿ ಕೂತ್ಕೊಳ್ಳುತ್ತೆ, ಇನ್ನೂ ಜಾಸ್ತಿ ಹೊತ್ತು ಉಜ್ಜಬೇಕು.

ಈಗ ತೊಳೆಯೋ ವಿಷಯ. ನನ್ನ ಪ್ರಕಾರ ಈ ಅಂಗಡಿಲಿ ಸಿಗೋ ಎಲ್ಲಕ್ಕಿಂತ ಬೆಲೆ ಬಾಳೋದು ಇದು, ಇದಕ್ಕೆ ಅವ್ರು ಒಂದು ಪೈಸೆ ತಗೊಳ್ಳಲ್ಲ. ನಮ್ಮೂರ ಕಡೆ ಎಲ್ಲರೂ ಈಡು ಹೊಡೆದ ಮೇಲೆ ಸೀಮೆಎಣ್ಣೆ ಸುರಿದು ಒರೆಸಿ ಇಟ್ಬಿಡ್ತಾರೆ, ಇಲ್ಲಾಂದ್ರೆ ಗಾಡಿ ಎಣ್ಣೆ. ಅದು ತಪ್ಪು ಅಂತ ಕಾರಣ ಸಮೇತ ಹೇಳಿದ್ರು. ಮದ್ದು ಸುಟ್ಟಾಗ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಗ್ಯಾಸೇ ಆಗಲ್ಲ, ಘನವಾಗೇ ಉಳಿಯುತ್ತೆ, ಸ್ವಲ್ಪ ಬಿಳಿ ಹೊಗೆಲಿ ಹೋಗುತ್ತೆ, ಮಿಕ್ಕಿದ್ದು ಒಳಗೆ ಮಸಿಯಾಗಿ ಅಂಟುತ್ತೆ. ಅದ್ರಲ್ಲಿರೋದು ಉಪ್ಪಿನ ಜಾತಿ, ಗಾಳಿಲಿರೋ ತೇವ ಎಳ್ಕೊಂಡು ರಾತ್ರೋರಾತ್ರಿ ತುಕ್ಕು ಹಿಡಿಸುತ್ತೆ. ಆ ಉಪ್ಪು ನೀರಲ್ಲಿ ಕರಗುತ್ತೆ, ಸೀಮೆಎಣ್ಣೆಲಿ ಕರಗಲ್ಲ. ಹಾಗಾಗಿ ಬೇಕಿರೋದು ಬಿಸಿನೀರು, ಸ್ವಲ್ಪ ಪಾತ್ರೆ ತೊಳೆಯೋ ಸೋಪು.

ನಿಪ್ಪಲ್ ಬಿಚ್ಚಿ, ನಳಿಗೆನ ಮರದಿಂದ ಬೇರೆ ಮಾಡಿ, ಹಿಂದಿನ ತುದಿ ಬಕೆಟ್ ನೀರಲ್ಲಿ ಮುಳುಗಿಸಿ, ಗಜಕ್ಕೆ ಹಳೇ ಪಂಚೆ ಬಟ್ಟೆ ಸುತ್ತಿ ಸೈಕಲ್ ಪಂಪ್ ಹೊಡೆದಂಗೆ ಮೇಲೆ ಕೆಳಗೆ ಮಾಡಿದ್ರೆ ನೀರು ತಾನೇ ಒಳಗೆ ಎಳ್ಕೊಂಡು ಹೊರಗೆ ಉಗಿಯುತ್ತೆ, ಮೊದಲು ಇದ್ದಲು ಬಣ್ಣ, ಆಮೇಲೆ ಬೂದಿ ಬಣ್ಣ, ಕೊನೆಗೆ ತಿಳಿ ನೀರು, ತಿಳಿ ಬರೋವರ್ಗೂ ಬಿಡಬಾರದು, ಕೊಳೆತ ಮೊಟ್ಟೆ ವಾಸನೆ ಬರುತ್ತೆ, ಅದಕ್ಕೆ ಹಿತ್ತಲಲ್ಲಿ ಮಾಡಿ. ಬಿಸಿನೀರಾದ್ರೆ ಕಬ್ಬಿಣ ಬಿಸಿಯಾಗಿ ಬೇಗ ಒಣಗುತ್ತೆ. ಆಮೇಲೆ ಒಣಬಟ್ಟೆ, ತೆಳ್ಳಗೆ ಹೊಲಿಗೆ ಮೆಷಿನ್ ಎಣ್ಣೆ, ನಿಪ್ಪಲ್ ತಿರುಪಿಗೆ ಒಂದು ಚೂರು ಗ್ರೀಸು. ಮಾರನೇ ದಿನ ಮತ್ತೆ ಒಂದ್ಸಲ ಬಿಳಿ ಬಟ್ಟೆ ಬಿಟ್ಟು ತೆಗೀರಿ, ಕೇಸರಿ ಬಣ್ಣ ಬಂದ್ರೆ ಇನ್ನೂ ಉಪ್ಪು ಉಳಿದಿದೆ ಅಂತ, ಇನ್ನೊಂದ್ಸಲ ತೊಳೀರಿ. ಕೊಬ್ಬರಿ ಎಣ್ಣೆ ಹಾಕಿಡ್ಬೇಡಿ, ಚಳಿಗಾಲದಲ್ಲಿ ಗಟ್ಟಿಯಾಗುತ್ತೆ. ಆಯುಧಪೂಜೆಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಹಚ್ಚಿದ ಜಾಗನೂ ಅವತ್ತೇ ಸಂಜೆ ಒರೆಸಿ ಎಣ್ಣೆ ಹಾಕಿ, ನಮ್ಮ ಕೋವಿ ನಳಿಗೆ ಮೇಲೆ ಮೂರು ಬೊಟ್ಟಿನ ಗುರುತು ತುಕ್ಕಲ್ಲೇ ಉಳಿದಿದೆ. ಎಲೆಕ್ಷನ್ ಟೈಮಲ್ಲಿ ಠಾಣೆಗೆ ಡಿಪಾಸಿಟ್ ಮಾಡೋಕೆ ಮುಂಚೆನೂ ಇದೇ ಕೆಲಸ, ಯಾಕಂದ್ರೆ ವಾಪಸ್ ಬರೋವರ್ಗೂ ಯಾರೂ ಒರೆಸಲ್ಲ.

ತುಂಬೋದು ಹೇಳ್ಕೊಟ್ಟಾಗ ಅವ್ರು ಒತ್ತಿ ಒತ್ತಿ ಹೇಳಿದ್ದು ಇಷ್ಟು. ಡಬ್ಬಿಯಿಂದ ನೇರ ನಳಿಗೆಗೆ ಮದ್ದು ಸುರೀಬೇಡ, ಹಿಂದಿನ ಈಡಿನ ಕಿಡಿ ಒಳಗಿದ್ರೆ ಡಬ್ಬಿನೇ ಹೊತ್ಕೊಳ್ಳುತ್ತೆ, ಅಳತೆ ಗೊಟ್ಟಕ್ಕೆ ಹಾಕಿ ಅದರಿಂದ ಸುರಿ. ಗುಂಡು, ಬಟ್ಟೆ ಮದ್ದಿನ ಮೇಲೆ ಗಟ್ಟಿಯಾಗಿ ಕೂರಬೇಕು, ಮಧ್ಯೆ ಗಾಳಿ ಉಳಿದ್ರೆ ನಳಿಗೆ ಉಬ್ಬುತ್ತೆ, ಸೀಳೂಬಹುದು. ಅದಕ್ಕೆ ಗಜದ ಮೇಲೆ ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು ಗೀರು ಹಾಕ್ಕೊಟ್ರು, ಇದು ನಂಗೆ ತುಂಬಾ ಇಷ್ಟ ಆಯ್ತು. ಕೇಪು ಯಾವಾಗ್ಲೂ ಕೊನೇಲಿ, ಹೊಲದಲ್ಲಿ ನಿಂತ ಮೇಲೆ. ಕೇಪು ಹೊಡೆದು ಈಡು ಹೋಗ್ಲಿಲ್ಲ ಅಂದ್ರೆ ಅದೇ ಕಡೆ ಗುರಿ ಹಿಡಿದು ಕನಿಷ್ಠ ಒಂದು ನಿಮಿಷ ನಿಲ್ಲು, ತಡವಾಗಿ ಹೊತ್ಕೊಳ್ಳೋದೂ ಉಂಟು. ತೋಟೆ ಒಡೆದು ಅದರ ಪುಡಿ ಹಾಕೋದು, ಮನೇಲಿ ಮದ್ದು ಅರೆಯೋದು, ಎರಡೂ ಜೀವಕ್ಕೆ ಕುತ್ತು, ಕೇಳಿದ್ರೆ ಅಂಗಡಿಯಿಂದ ಆಚೆ ಕಳಿಸ್ತಾರೆ. ಹಂದಿ ಹೊಡೀತೀನಿ ಅಂತ ಬರೋರಿಗೂ ಅಷ್ಟೇ, 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ದೆ ಹೊಡೆಯೋ ಹಾಗಿಲ್ಲ, ಸದ್ದು ಮಾಡಿ ಓಡಿಸು ಅಂತಾರೆ. ನಮ್ಮ ಹೊಲಕ್ಕೆ ಆ ಸದ್ದೇ ಸಾಕಾಗಿದೆ.

ಇನ್ನು ಕೊರತೆಗಳು. ಕೆಲಸ ನಿಧಾನ, ಸ್ಪ್ರಿಂಗ್‌ಗೆ ಹೇಳಿದ ದಿನಕ್ಕೆ ಹೋದ್ರೆ ಆಗಿರ್ಲಿಲ್ಲ, ಮಧುಗಿರಿಯಿಂದ ಬಸ್ಸಲ್ಲಿ ಕೋವಿ ಹೊತ್ಕೊಂಡು ಓಡಾಡೋದು ಸುಲಭದ ಮಾತಲ್ಲ. ಫೋನ್ ಎತ್ತೋದು ಅಪರೂಪ. ಕೇಪು ಒಂದೊಂದ್ಸಲ ಸ್ಟಾಕೇ ಇರಲ್ಲ, ಹಿತ್ತಾಳೆ ತುದಿಯ ಗಜ, ನಿಪ್ಪಲ್ ಕೀಲಿ ಅವ್ರೇ ಮಾಡ್ಕೊಡಬೇಕು, ರೆಡಿ ಸಿಗಲ್ಲ. ರೇಟು ಮಾತ್ರ ನ್ಯಾಯವಾಗಿದೆ, ಚೌಕಾಸಿ ಮಾಡೋ ಹಾಗೇ ಇಲ್ಲ, ಬಿಲ್ ಕೊಡ್ತಾರೆ, ಮದ್ದು, ಕೇಪು ತಗೊಂಡ್ರೆ ಲೈಸೆನ್ಸಲ್ಲಿ ಎಂಟ್ರಿ ಮಾಡ್ತಾರೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಕಟ್ ಮಾಡಿದ್ದು ಫೋನಿಗೆ.

ಹೋಗೋರು ಲೈಸೆನ್ಸ್ ಒರಿಜಿನಲ್ ತಗೊಂಡು ಹೋಗಿ, ಜೆರಾಕ್ಸ್ ಒಪ್ಪಲ್ಲ. ನಿಮ್ಮ ಕೋವಿಯ ಗಜನೂ ಜೊತೆಗಿರ್ಲಿ, ಗೀರು ಹಾಕ್ಕೊಡಿ ಅಂತ ಕೇಳಿ. ಹಬ್ಬದ ಹಿಂದಿನ ವಾರ ಬೇಡ, ಆಯುಧಪೂಜೆಗೆ ಅಂತ ಎಲ್ಲರೂ ಅವಾಗ್ಲೇ ಕೋವಿ ಇಳಿಸ್ಕೊಂಡು ಬಂದಿರ್ತಾರೆ, ಕೂರ್ಸಿ ಹೇಳ್ಕೊಡೋಕೆ ಅವ್ರಿಗೆ ಪುರುಸೊತ್ತಿರಲ್ಲ.